ಬೋರ್ ನಮ್ದು ಸರಿ, ಒಳಗಿರೋ ನೀರು ಯಾರ್ದು? ದೀನ್ (ನಮ್ಮ ಧರ್ಮ) ಏನ್ ಹೇಳ್ತದೆ

ಚಿಂತಾಮಣಿ ಹುಡ್ಗ:
ಅಸ್ಸಲಾಮು ಅಲೈಕುಂ, ಎಲ್ರಿಗೂ ನಮಸ್ಕಾರ. ನಮ್ದು ಚಿಂತಾಮಣಿ ತಾಲ್ಲೂಕು. ಅಬ್ಬಾ ಚಾಚಾ ಇಬ್ರೂ ಒಟ್ಟಿಗೆ ಬೇಸಾಯ ಮಾಡ್ತಾರೆ, ಟೊಮೇಟೊ, ಹಿಪ್ಪುನೇರಳೆ, ಮಳೆ ಆದ್ರೆ ಮೇಲ್ಗಡೆ ಹೊಲದಲ್ಲಿ ರಾಗಿ. ಹೋದ ಬೇಸಿಗೇಲಿ ಕೊರೆಸಿದ ಬೋರು 1300 ಅಡಿ ದಾಟಿದ್ಮೇಲೆ ಎರಡೂವರೆ ಇಂಚು ನೀರು ಬಿತ್ತು. ನಮ್ದು ಓಡೋಕೆ ಶುರುವಾದ್ಮೇಲೆ ಪಕ್ಕದ ಹೊಲದ ಮಾಮನ ಬೋರು (ಅವ್ರು ಗೌಡ್ರು, ಚಿಕ್ಕಂದಿನಿಂದ ಮಾಮ ಅಂತಾನೇ ಕರ್ಯೋದು) ಬರೀ ಗಾಳಿ ಬಿಡ್ತಾ ಐತೆ, ಅವ್ರು ಬಂದು ಜಗಳ ಆಡ್ಲಿಲ್ಲ, ಒಂದು ಮಾತೂ ಆಡ್ಲಿಲ್ಲ, ಹಸುಗೆ ನೀರು ಊರೊಳಗಿಂದ ಹೊತ್ಕೊಂಡ್ ಹೋಗ್ತಾವ್ರೆ ಅಷ್ಟೇ.

ಈಗ ಚಾಚಾ ಮಗ ಟ್ಯಾಂಕರ್ ಇಟ್ಕೊಂಡು ಲೇಔಟ್‌ಗಳಿಗೆ, ಕಲ್ಯಾಣ ಮಂಟಪಕ್ಕೆ ನೀರು ಹೊಡಿಯೋಕೆ ಶುರು ಮಾಡವ್ನೆ. ಕೇಳಿದ್ರೆ ಜಮೀನು ನಮ್ದು, ಸಾಲ ನಮ್ದು, ಬೋರ್ ನಮ್ದು, ಯಾರಪ್ಪನ್ ಮನೆ ಗಂಟು ಅಂತಾನೆ. ಅಬ್ಬಾಗೆ ಮನಸಿಲ್ಲ, ನೀರು ಅಲ್ಲಾಹುಂದು ಕಣಪ್ಪ ಅಂತ ಹೇಳಿ ಸುಮ್ನಾಗ್ತಾರೆ. ನಂಗೆ ಬೇಕಿರೋದು ಗೋಡೆ ಮೇಲೆ ಬರೆಯೋ ಸ್ಲೋಗನ್ ಅಲ್ಲ. ಒಡೆತನ ಅನ್ನೋದು ಇಸ್ಲಾಂನಲ್ಲಿ ಎಲ್ಲಿವರ್ಗೂ, ಎಲ್ಲಿ ನಿಲ್ತದೆ? ಫಿಕ್ಹ್ (ಇಸ್ಲಾಮಿನ ಧರ್ಮಶಾಸ್ತ್ರ) ಗೊತ್ತಿರೋರು, ಬೇಸಾಯ ಗೊತ್ತಿರೋರು, ಕಾನೂನು ಗೊತ್ತಿರೋರು ಎಲ್ರೂ ಹೇಳಿ.

ಉಸ್ತಾದ್ ಕೋಲಾರ:
ವ ಅಲೈಕುಮುಸ್ಸಲಾಂ ಬೇಟಾ. ನಿಮ್ಮ ಅಬ್ಬಾ ಹೇಳಿದ್ದು ಬರೀ ಭಕ್ತಿ ಮಾತಲ್ಲ, ಅದು ಮಸ್ಅಲಾನೂ (ಶಾಸ್ತ್ರದ ವಿಷಯ) ಹೌದು. ಕುರ್‌ಆನ್‌ನಲ್ಲಿ ಆಕಾಶ ಭೂಮಿಲಿರೋದೆಲ್ಲ ಅಲ್ಲಾಹನದ್ದು ಅಂತ ಮತ್ತೆ ಮತ್ತೆ ಬರ್ತದೆ. ಸೂರ ಹದೀದ್ 7ನೇ ಆಯತ್‌ನಲ್ಲಿ ಅವನು ನಿಮ್ಮನ್ನ ಯಾವ ಸಂಪತ್ತಿಗೆ ವಾರಸುದಾರರಾಗಿ ಇಟ್ಟಿದಾನೋ ಅದ್ರಿಂದ ಖರ್ಚು ಮಾಡಿ ಅಂತದೆ. ಅಂದ್ರೆ ನಮ್ಮ ಕೈಲಿರೋದು ಅಮಾನತ್ತು, ನಂಬಿ ನೋಡ್ಕೊಳ್ಳೋಕೆ ಕೊಟ್ಟಿದ್ದು. ಹಾಗಂತ ಖಾಸಗಿ ಆಸ್ತಿನೇ ಇಲ್ಲ ಅಂತ ಅಲ್ಲ, ಇದನ್ನ ಸರಿಯಾಗಿ ತಿಳ್ಕೊಬೇಕು. ಮಾರಬಹುದು, ಕೊಳ್ಳಬಹುದು, ಮಕ್ಕಳಿಗೆ ಪಾಲು ಹೋಗ್ತದೆ, ಕದ್ರೆ ಶಿಕ್ಷೆ ಇದೆ. ಆದ್ರೆ ಕೆಲವು ವಸ್ತುಗಳನ್ನ ಬೇಲಿ ಹಾಕಿ ನಂದು ಅನ್ನೋಕೆ ಬಿಟ್ಟಿಲ್ಲ. ಪ್ರವಾದಿ(ಸ) ಮುಸ್ಲಿಮರು ಮೂರರಲ್ಲಿ ಪಾಲುದಾರರು ಅಂದ್ರು, ನೀರು, ಮೇವು, ಬೆಂಕಿ. ಅಬೂದಾವೂದ್ ಅನ್ನೋ ಹದೀಸ್ (ಪ್ರವಾದಿಯವ್ರ ನುಡಿ ನಡೆ) ಸಂಗ್ರಹದಲ್ಲಿದೆ. ಬುಖಾರಿ ಅನ್ನೋ ಇನ್ನೊಂದು ಹದೀಸ್ ಸಂಗ್ರಹದಲ್ಲಿ ಇನ್ನೂ ಖಡಕ್ಕಾಗಿದೆ, ದಾರೀಲಿ ತನ್ನ ಹತ್ರ ಮಿಕ್ಕ ನೀರಿದ್ದೂ ದಾರಿಹೋಕನಿಗೆ ಕೊಡದೇ ಇದ್ದವನ ಕಡೆ ಕಿಯಾಮತ್ (ಕೊನೇ ತೀರ್ಪಿನ) ದಿನ ಅಲ್ಲಾಹ್ ನೋಡೋದೇ ಇಲ್ಲ ಅಂತ.

ನಮ್ಮ ಹನಫಿ (ಸುನ್ನಿಗಳ ನಾಲ್ಕು ಪಂಥಗಳಲ್ಲೊಂದು) ಫಿಕ್ಹ್ ಪ್ರಕಾರ ಬಾವಿ ನಿಂದು, ಕಟ್ಟೆ ನಿಂದು, ಒಳಗಿರೋ ನೀರು ಪಾತ್ರೆಗೆ ತುಂಬ್ಕೊಳ್ಳೋವರ್ಗೂ ನಿಂದಲ್ಲ. ಕೊಡಕ್ಕೆ ತುಂಬಿದ್ಯಾ, ಟ್ಯಾಂಕಿಗೆ ಏರಿಸಿದ್ಯಾ, ಆಗ ನಿಂದಾಯ್ತು, ಮಾರಬಹುದು. ಬಾವೀಲಿ ಇರೋವಾಗ ಮನುಷ್ಯರಿಗೆ, ದನಕ್ಕೆ ಕುಡಿಯೋ ಹಕ್ಕು ಇರ್ತದೆ, ನೀನು ಬೇಡ ಅನ್ನೋ ಹಾಗಿಲ್ಲ. ಬೇರೆಯವ್ರ ಹೊಲಕ್ಕೆ ಹಾಯ್ಸೋದು ಮಾತ್ರ ಮಾಲೀಕ ಬೇಡ ಅನ್ನಬಹುದು. ಸೋ ನಿಮ್ಮ ಮಾಮನ ಹಸುಗೆ ನೀರು ಕೊಡೋದು ನಿಮ್ಮ ದೊಡ್ಡತನ ಅಲ್ಲ, ಅದು ಆ ಹಸುವಿನ ಹಕ್ಕು. ಮೊದ್ಲು ಅದನ್ನ ಮಾಡು, ಈ ಚರ್ಚೆ ಮುಗಿಯೋವರ್ಗೂ ಕಾಯಬೇಡ.

ರಾಗಿಹೊಲ ಶ್ರೀನಿವಾಸಪುರ:
ಉಸ್ತಾದರೇ ನಮಸ್ಕಾರ. ನಾನು ಮುಸ್ಲಿಂ ಅಲ್ಲ, ಮಾವಿನ ತೋಟದವ್ನು. ಕುಡಿಯೋ ನೀರಿನ ಮಾತು ಒಪ್ತೀನಿ, ಅದು ಯಾವ ಜಾತಿ ಧರ್ಮದಲ್ಲೂ ಇಲ್ಲ ಅನ್ನಲ್ಲ. ಆದ್ರೆ ಹಾಯ್ಸೋ ನೀರು ಮಾಲೀಕಂದೇ ಅಂತ ಬಿಟ್ಬಿಟ್ರೆ ನಮ್ ಜಿಲ್ಲೆ ಸಮಸ್ಯೆ ಅಲ್ಲೇ ಇರೋದು. ಕುಡಿಯೋಕೆ ಎಷ್ಟು ಬೇಕು ಹೇಳಿ, ಒಣಗಿಸ್ತಾ ಇರೋದು ಬೆಳೆ.

ನಮ್ಮಜ್ಜನ ಕಾಲದಲ್ಲಿ ಕೆರೆ ತೂಬಿನ ಹತ್ರ ನೀರುಗಂಟಿ ನಿಂತಿರೋನು, ಅವನು ಎತ್ತಿದ್ರೆ ನೀರು, ಇಳಿಸಿದ್ರೆ ಬಂದ್. ಊರ ಗೌಡನ ಗದ್ದೆಗಾದ್ರೂ ಅವನ ಸರದಿ ಬರೋವರ್ಗೂ ಕಾಯ್ಬೇಕು. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟೆಲ್ಲಾ ನಾಟಿ ಮಾಡ್ತಿರ್ಲಿಲ್ಲ, ಕೂತು ಮಾತಾಡಿ ಇಷ್ಟೇ ಭಾಗ ಅಂತ ತೀರ್ಮಾನ ಮಾಡಿ ಅದ್ರಲ್ಲೇ ಎಲ್ರಿಗೂ ತುಂಡು ಹಂಚ್ಕೊಳ್ಳೋರು. ಕೆರೆ ಕಣ್ಣಿಗೆ ಕಾಣ್ತಿತ್ತು, ಎಷ್ಟೈತೆ ಅಂತ ಎಲ್ರಿಗೂ ಗೊತ್ತಾಗೋದು. ಬೋರ್‌ದು ಯಾರಿಗೂ ಕಾಣಲ್ಲ, ಯಾರ ಮೋಟ್ರು ಜಾಸ್ತಿ ಎಚ್‌ಪಿ ಅವನೇ ನೀರುಗಂಟಿ. ನಿಮ್ ಶಾಸ್ತ್ರದಲ್ಲಿ ಹಾಯ್ಸೋ ನೀರಿಗೆ ಸರದಿ ಅನ್ನೋದು ಐತಾ?

ಉಸ್ತಾದ್ ಕೋಲಾರ:
ಐತೆ ಶ್ರೀನಿವಾಸಪುರದವ್ರೇ, ಅದೂ ನೀವು ಹೇಳಿದ ತೂಬಿನ ಲೆಕ್ಕದಲ್ಲೇ. ಮದೀನಾದಲ್ಲಿ ಮಹ್ಝೂರ್, ಮುದೈನಿಬ್ ಅಂತ ಎರಡು ಹಳ್ಳ, ಮಳೆ ಬಂದಾಗ ಹರಿಯೋವು. ಮೇಲಿನ ಹೊಲದವ್ನು ಹಿಮ್ಮಡಿ ಗಂಟಿನ ಮಟ್ಟಕ್ಕೆ ನೀರು ನಿಲ್ಲಿಸ್ಕೊಂಡು ಆಮೇಲೆ ಕೆಳಗಿನವ್ನಿಗೆ ಬಿಡ್ಬೇಕು ಅಂತ ಪ್ರವಾದಿ(ಸ) ತೀರ್ಪು ಕೊಟ್ರು, ಇಮಾಮ್ ಮಾಲಿಕ್ ಇದನ್ನ ದಾಖಲಿಸಿದಾರೆ.

ಇನ್ನೊಂದು ಬುಖಾರಿಯಲ್ಲಿದೆ, ನಂಗೆ ಬಹಳ ಮುಖ್ಯ ಅನ್ಸೋದು. ಪ್ರವಾದಿಯವ್ರ ಒಡನಾಡಿ ಝುಬೈರ್(ರ) ಅವ್ರದ್ದು ಮೇಲಿನ ತೋಟ, ಅನ್ಸಾರಿ (ಮದೀನಾ ಮೂಲದ ಮುಸ್ಲಿಂ) ಒಬ್ರದ್ದು ಕೆಳಗೆ, ಕಾಲುವೆ ನೀರಿಗೆ ಜಗಳ ಬಂತು. ಪ್ರವಾದಿ(ಸ) ಮೊದ್ಲು ಹೇಳಿದ್ದು ಝುಬೈರ್, ನೀನು ಹಾಯ್ಸ್ಕೊ, ಆಮೇಲೆ ಪಕ್ಕದವ್ನಿಗೆ ಬಿಡು ಅಂತ. ಆ ಅನ್ಸಾರಿ ಸಿಟ್ಟಾಗಿ ನಿಮ್ಮ ಅತ್ತೆ ಮಗ ಅಂತ ಹಿಂಗೆ ಹೇಳಿದ್ರಿ ಅಂದ್ಬಿಟ್ರು. ಆವಾಗ ಪ್ರವಾದಿ(ಸ) ಸರಿ, ಬದು ಮುಟ್ಟೋವರ್ಗೂ ನೀರು ನಿಲ್ಲಿಸ್ಕೊಂಡು ಆಮೇಲೆ ಬಿಡು ಅಂದ್ರು. ಗಮನ ಇಟ್ಟು ನೋಡಿ, ಎರಡನೇದು ಝುಬೈರ್‌ಗೆ ಸಲ್ಲಬೇಕಾದ ಪೂರ್ತಿ ಹಕ್ಕು. ಮೊದಲನೇದು ಹಕ್ಕಿಗಿಂತ ಕಮ್ಮಿ ತಗೊಂಡು ಪಕ್ಕದವ್ನಿಗೆ ಅನುಕೂಲ ಮಾಡಿಕೊಡೋದು. ಶುರು ಮಾಡಿದ್ದು ಅಲ್ಲಿಂದ. ಕಾನೂನಲ್ಲಿ ಎಷ್ಟು ನಂದು ಅನ್ನೋದು ಕೊನೆ ಪ್ರಶ್ನೆ, ಜಗಳ ಬಿಗಿಯಾದಾಗ ಮಾತ್ರ ಕೇಳೋದು.

ಮಧುಗಿರಿ ವಕೀಲ:
ನಾನೂ ಹನಫಿನೇ, ಆದ್ರೆ ಇಲ್ಲಿ ಒಂದು ತೊಡಕಿದೆ, ಅದನ್ನ ಮುಚ್ಚಿಡೋದು ಬೇಡ.

ನಮ್ಮ ದೇಶದ ಕಾನೂನು ಮೊದ್ಲು. 1882ರ ಈಸ್‌ಮೆಂಟ್ಸ್ ಆಕ್ಟ್ ಪ್ರಕಾರ ನೆಲದ ಕೆಳಗೆ ಗೊತ್ತಾದ ಕಾಲುವೆ ಥರ ಹರಿಯದೇ ಇರೋ ನೀರನ್ನ ಜಮೀನಿನ ಮಾಲೀಕ ತನ್ನ ಗಡಿಯೊಳಗೆ ಎತ್ಕೊಳ್ಳಬಹುದು. ಚಾಚಾ ಮಗ ಹೇಳ್ತಿರೋದು ಅದೇ, ಅವನಿಗೆ ಗೊತ್ತಿಲ್ದೇ ಬ್ರಿಟಿಷರ ಕಾಲದ ಕಾನೂನು ಮಾತಾಡ್ತಾ ಇದಾನೆ. ಆಮೇಲೆ ಕರ್ನಾಟಕದಲ್ಲಿ 1999ರ ಕಾಯ್ದೆ ಬಂತು, ಸಾರ್ವಜನಿಕ ಕುಡಿಯೋ ನೀರಿನ ಬಾವಿಯಿಂದ 500 ಮೀಟರ್ ಒಳಗೆ ಪರ್ಮಿಷನ್ ಇಲ್ಲದೆ ಕೊರೀಬಾರದು ಅಂತ. 2011ರ ಅಂತರ್ಜಲ ಕಾಯ್ದೆ ಬಂದ್ಮೇಲೆ ಅತಿಬಳಕೆ ಅಂತ ಘೋಷಿಸಿದ ತಾಲ್ಲೂಕುಗಳಲ್ಲಿ ಬೋರ್‌ಗೆ ಅನುಮತಿ ಬೇಕು. ಚಿಂತಾಮಣಿ ಕಡೆ ಎಷ್ಟು ಜನ ಕೇಳ್ಕೊಂಡು ಕೊರೀತಾರೆ ನಿಮಗೇ ಗೊತ್ತು.

ಈಗ ಫಿಕ್ಹ್. ಬಾವಿಗೆ ಹರೀಮ್ ಅಂತ ಇದೆ, ಸುತ್ತ ಬೇರೆಯವ್ರು ಬಾವಿ ತೋಡಬಾರದ ಜಾಗ, ದನಕ್ಕೆ ನೀರು ಕುಡಿಸೋ ಬಾವಿಗೆ 40 ಮೊಳ. ನಮ್ಮ ಜನ ಇದನ್ನ ಓದಿ ಆಹಾ ಆಗಲೇ ನಿಯಮ ಇತ್ತು ಅಂತಾರೆ. ನಿಜ, ಆದ್ರೆ ಹನಫಿ ಮತದಲ್ಲಿ ಅದು ಯಾರದ್ದೂ ಅಲ್ಲದ ಬಂಜರು ನೆಲದಲ್ಲಿ ತೋಡಿದ ಬಾವಿಗೆ. 1869ರಿಂದ 1876ರ ತನಕ ತುರ್ಕಿಯ ಉಸ್ಮಾನಿ (ಆಟೊಮನ್) ಸರ್ಕಾರ ಹನಫಿ ಫಿಕ್ಹನ್ನ ಕಲಮುಗಳಾಗಿ ಬರೆಸಿದ ಮಜಲ್ಲಾದಲ್ಲಿ ನೆಲದಡಿ ಹರಿಯೋ ನೀರು ಯಾರ ಸ್ವತ್ತೂ ಅಲ್ಲ ಅಂತಲೂ ಇದೆ, ಅದೇ ಮಜಲ್ಲಾದಲ್ಲಿ ಸ್ವಂತ ಜಮೀನಲ್ಲಿ ತೋಡಿದ ಬಾವಿಗೆ ಹರೀಮ್ ಇಲ್ಲ, ಪಕ್ಕದವ್ನು ತನ್ನ ಜಮೀನಲ್ಲಿ ತೋಡಿದ್ರೆ ನನ್ನ ನೀರು ಎಳ್ಕೊಳ್ತಾನೆ ಅಂತ ತಡೆಯೋಕಾಗಲ್ಲ ಅಂತಲೂ ಇದೆ. ಅಂದ್ರೆ ಮಾಮ ಖಾಝಿ ಹತ್ರ ಹೋಗಿದ್ರೂ ಸೋಲ್ತಿದ್ರು.

ಮಾಲಿಕಿ ಮಜ್ಹಬ್ (ಸುನ್ನಿಗಳ ಇನ್ನೊಂದು ಪಂಥ) ಬೇರೆ ದಾರಿ ಹಿಡೀತು. ಅಲ್ಲಿ ಮೊಳದ ಲೆಕ್ಕ ಫಿಕ್ಸ್ ಇಲ್ಲ, ನೆಲ ಗಟ್ಟಿನಾ ಮೆತ್ತಗಾ ನೋಡಿ, ಮೊದಲ ಬಾವಿ ನೀರಿಗೆ ಹಾನಿ ಆಗಬಾರದು ಅನ್ನೋದೇ ಅಳತೆ. ನಮ್ಮ ಕಡೆಯ ಗಟ್ಟಿ ಬಂಡೆಗೆ, ಸೀಳಲ್ಲಿ ನೀರು ಓಡೋ ಜಾಗಕ್ಕೆ ನನ್ನ ಪ್ರಕಾರ ಇದೇ ಸರಿ. 40 ಮೊಳ ಅಂದ್ರೆ ಸುಮಾರು 60 ಅಡಿ, 1300 ಅಡಿ ಬೋರ್ ಮುಂದೆ ಅದಕ್ಕೇನು ಅರ್ಥ. ಕಪಿಲೆ ಬಾವಿ ಕಾಲದ ಅಳತೇನ ಸಬ್‌ಮರ್ಸಿಬಲ್‌ಗೆ ಹಾಕಿದ್ರೆ ನಿಯಮದ ಅಕ್ಷರ ಉಳೀತದೆ, ನಿಯಮ ಯಾಕೆ ಬಂತೋ ಅದು ಸಾಯ್ತದೆ.

ಉಸ್ತಾದ್ ಕೋಲಾರ:
ವಕೀಲ್ ಸಾಬ್ ಹೇಳಿದ್ದು ಪೂರ್ತಿ ಸರಿ. ಇದಕ್ಕೇ ಲಾ ಝರರ ವಲಾ ಝಿರಾರ್ ಅನ್ನೋ ಹದೀಸ್ ಇರೋದು, ಹಾನಿ ಮಾಡಲೂ ಬಾರದು, ಹಾನಿಗೆ ಹಾನಿ ಅಂತ ಸೇಡೂ ತೀರಿಸ್ಕೋಬಾರದು. ಹಿಂದಿನ ಫುಕಹಾಗಳಿಗೆ (ಫಿಕ್ಹ್ ಪಂಡಿತರಿಗೆ) ಇನ್ನೂರು ಮುನ್ನೂರು ಗಜ ದೂರದ ಬಾವಿ ಬತ್ತೋದು ಗೊತ್ತಾಗೋಕೆ ಸಾಧ್ಯ ಇರ್ಲಿಲ್ಲ. ನಮಗೆ ಗೊತ್ತು. ಗೊತ್ತಿದ್ಮೇಲೆ ಹೊಣೆ ಬದಲಾಗ್ತದೆ.

ಹೆಬ್ಬಾಳ ಟು ಹೊಸಕೋಟೆ:
ಎಲ್ಲಾ ಓದ್ತಾ ಇದೀನಿ, ಚೆನ್ನಾಗಿದೆ. ಬಟ್ ನೇರವಾಗಿ ಕೇಳ್ತೀನಿ ತಪ್ಪು ತಿಳೀಬೇಡಿ. ಇಷ್ಟೆಲ್ಲಾ ಇದ್ರೆ ಗಲ್ಫ್ ದೇಶಗಳು ಪೆಟ್ರೋಲ್ ತೆಗೆದು ತೆಗೆದು ಮಾರಿ ಮರಳುಗಾಡಲ್ಲಿ ಎಸಿ ಸಿಟಿ ಕಟ್ಟಿದ್ದು ಯಾವ ಹದೀಸ್ ಪ್ರಕಾರ? ಇನ್ನೊಂದು, ವಕ್ಫ್ (ಧರ್ಮಕಾರ್ಯಕ್ಕೆ ಮೀಸಲಿಟ್ಟ ಆಸ್ತಿ) ಅಂತ ರೈತರ ಪಹಣೀಲಿ ಹೆಸರು ಬಂದಿದ್ದು ಗಲಾಟೆ ಆಯ್ತಲ್ಲ, ಅದೂ ಇಸ್ಲಾಮಿಕ್ ಒಡೆತನದ ಭಾಗ ತಾನೆ?

ಶಿರಾ ಟೀಚರ್:
ಅಣ್ಣಾ ಎರಡಕ್ಕೂ ಉತ್ತರ ಕೊಡ್ತೀನಿ. ಗಲ್ಫ್‌ದು ಸಮರ್ಥನೆ ಮಾಡಲ್ಲ. 2015ರ ಆಗಸ್ಟಲ್ಲಿ ಇಸ್ತಾಂಬುಲ್‌ನಲ್ಲಿ ಬೇರೆ ಬೇರೆ ದೇಶದ ಮುಸ್ಲಿಂ ವಿದ್ವಾಂಸರು ಸೇರಿ ಹವಾಮಾನದ ಬಗ್ಗೆ ಘೋಷಣೆ ಹೊರಡಿಸಿದ್ರು, ಅದರಲ್ಲಿ ಶ್ರೀಮಂತ ದೇಶಗಳಿಗೂ ಎಣ್ಣೆ ಉತ್ಪಾದಿಸೋ ದೇಶಗಳಿಗೂ ನೇರವಾಗಿ ಹೇಳಿದಾರೆ, ನೀವು ಮುಂದೆ ನಿಂತು ಕಮ್ಮಿ ಮಾಡಿ ಅಂತ. ನಮ್ಮ ದೇಶದ ಸರ್ಕಾರ ಏನೇನೋ ಮಾಡಿದ್ರೆ ನಾವು ಅದನ್ನ ಹಿಂದೂ ಧರ್ಮದ ಸಿದ್ಧಾಂತ ಅಂತೀವಾ? ಇಲ್ವಲ್ಲ.

ವಕ್ಫ್ ವಿಷಯ. ಪ್ರವಾದಿಯವ್ರ ಒಡನಾಡಿ ಉಮರ್(ರ) ಅವ್ರಿಗೆ ಅರೇಬಿಯಾದ ಖೈಬರ್‌ನಲ್ಲಿ ಒಳ್ಳೆ ಜಮೀನು ಸಿಕ್ಕಿತ್ತು, ಏನ್ ಮಾಡ್ಲಿ ಅಂತ ಪ್ರವಾದಿ(ಸ) ಹತ್ರ ಕೇಳಿದ್ರು. ಬುಡ ಹಿಡಿದಿಟ್ಟು ಫಲ ದಾನ ಮಾಡು ಅಂದ್ರು, ಅದನ್ನ ಮಾರೋ ಹಾಗಿಲ್ಲ, ಪಾಲು ಮಾಡೋ ಹಾಗಿಲ್ಲ, ಉಡುಗೊರೆ ಕೊಡೋ ಹಾಗಿಲ್ಲ, ನೋಡ್ಕೊಳ್ಳೋನು ನ್ಯಾಯವಾಗಿ ತಿನ್ನಬಹುದು ಅಷ್ಟೇ. ಸುಸ್ಥಿರ ಅರ್ಥಶಾಸ್ತ್ರ ಅಂತ ಈಗ ಕಾಲೇಜಲ್ಲಿ ಪಾಠ ಮಾಡ್ತೀವಲ್ಲ, ಬಂಡವಾಳ ಮುಟ್ಟಬೇಡ ಬಡ್ಡಿ ಥರ ಬರೋ ಫಲ ಮಾತ್ರ ತಿನ್ನು ಅಂತ (ಬಡ್ಡಿ ಅನ್ನೋ ಪದಕ್ಕೆ ಕ್ಷಮೆ ಇರ್ಲಿ), ಅದು ಇದೇ. ಮದೀನಾದಲ್ಲಿ ಸಿಹಿನೀರಿನ ರೂಮಾ ಬಾವಿ ನೀರನ್ನ ದುಡ್ಡಿಗೆ ಮಾರ್ತಿದ್ರು, ಉಸ್ಮಾನ್(ರ) ಅದನ್ನ ಕೊಂಡು ಎಲ್ರಿಗೂ ಬಿಟ್ಟುಕೊಟ್ರು. ಅದೂ ವಕ್ಫೇ. ಇನ್ನು ಬೇರೆಯವ್ರ ಜಮೀನನ್ನ ವಕ್ಫ್ ಮಾಡೋಕೆ ಫಿಕ್ಹ್‌ನಲ್ಲೇ ಅವಕಾಶ ಇಲ್ಲ, ತನ್ನದಾಗಿದ್ರೆ ಮಾತ್ರ. 2024ರ ಪಹಣಿ ಗಲಾಟೇಲಿ ರೈತರಿಗೆ ಕೊಟ್ಟ ನೋಟಿಸ್ ವಾಪಸ್ ತಗೊಳ್ಳಿ ಅಂತ ಸರ್ಕಾರನೇ ಹೇಳ್ತು. ದಾಖಲೆ ನೋಡಿ ಬಗೆಹರಿಸೋ ವಿಷಯ ಅದು, ಈ ಥ್ರೆಡ್ ಅದರ ಕಡೆ ಎಳೀಬೇಡಿ ದಯವಿಟ್ಟು, ನೀರಿನ ಮಾತು ನಿಂತೋಗ್ತದೆ.

ಜಯಮಂಗಲಿ ದಂಡೆ:
ನೀರಿನ ಮಾತೇ ಆಡ್ತೀನಿ, ಆದ್ರೆ ಮರಳು ಮೂಲಕ. ಕೊರಟಗೆರೆ ಮಧುಗಿರಿ ಕಡೆ ಜಯಮಂಗಲಿ ನದಿ ಅಂದ್ರೆ ಈಗ ಹಳ್ಳದ ಗುರುತು ಅಷ್ಟೇ. ಚಿಕ್ಕವನಿದ್ದಾಗ ಬೇಸಿಗೇಲಿ ಹೊಳೆಗೆ ಇಳಿದು ಮೊಣಕೈ ಉದ್ದ ಮರಳು ತೋಡಿದ್ರೆ ತಿಳಿನೀರು ಬರೋದು, ಅದೇ ಕುಡಿಯೋದು. ಮರಳು ಎತ್ತಿ ಎತ್ತಿ ತಳದ ಜೇಡಿ ಕಾಣ್ತಾ ಐತೆ, ದಡದ ಬಾವಿಗಳು ಹೋದ್ವು. ಎತ್ತಿದೋರಲ್ಲಿ ನಮ್ಮವರೂ ಅವ್ರೆ, ಬೇರೆಯವ್ರೂ ಅವ್ರೆ, ಲಾರಿಗೆ ಧರ್ಮ ಇಲ್ಲ. ಉಸ್ತಾದರೇ, ಮರಳು ಆ ಮೂರರಲ್ಲಿ ಇಲ್ವಲ್ಲ, ನೀರು ಮೇವು ಬೆಂಕಿ ಅಂದ್ರಿ. ಹಂಗಾದ್ರೆ ಅದು ಸಿಕ್ಕಿದವ್ನಿಗೆ ಸೀರುಂಡೆನಾ?

ಉಸ್ತಾದ್ ಕೋಲಾರ:
ಇಲ್ಲ ಭಾಯ್. ಯಮನಿನ ಮಾರಿಬ್‌ನಲ್ಲಿ ಉಪ್ಪಿನ ಗಣಿ ಇತ್ತು. ಅಬ್ಯಝ್ ಬಿನ್ ಹಮ್ಮಾಲ್ ಅನ್ನೋರು ಅದನ್ನ ನಂಗೆ ಕೊಡಿ ಅಂತ ಕೇಳಿದ್ರು, ಪ್ರವಾದಿ(ಸ) ಕೊಟ್ಟೂ ಬಿಟ್ರು. ಅವ್ರು ಹೊರಟ ಮೇಲೆ ಕೂತಿದ್ದ ಒಬ್ರು, ನೀವು ಕೊಟ್ಟಿದ್ದೇನು ಗೊತ್ತಾ, ಬತ್ತದ ನೀರಿದ್ದ ಹಾಗೆ ಅದು ಅಂದ್ರು. ತಕ್ಷಣ ವಾಪಸ್ ತಗೊಂಡ್ರು. ಅಬೂದಾವೂದ್, ತಿರ್ಮಿಝಿ ಎರಡರಲ್ಲೂ ಇದೆ. ಇದ್ರಿಂದ ಫುಕಹಾಗಳು ತೆಗೆದ ನಿಯಮ ಏನಂದ್ರೆ ದುಡಿಮೆ ಇಲ್ದೇ ಮೇಲೇ ಸಿಗೋ, ಎಲ್ರಿಗೂ ಬೇಕಾದ ಖನಿಜ ಒಬ್ರ ಪಾಲಾಗಬಾರದು. ಸೋ ಆ ಮೂರು ಅನ್ನೋದು ಮುಗಿದ ಪಟ್ಟಿ ಅಲ್ಲ. ಹೊಳೆ ಮರಳು ಇದಕ್ಕೆ ಸರಿಯಾಗಿ ಕೂರ್ತದೆ ಅಂತ ನನ್ನ ಅಭಿಪ್ರಾಯ. ಕೊಟ್ಟ ಲೀಸನ್ನೂ ವಾಪಸ್ ತಗೊಳ್ಳಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಾ.

ಗೋಮಾಳದ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳ್ತೀನಿ. ಅರಬರಲ್ಲಿ ಹಿಮಾ ಅಂತ ಕಾಯ್ದಿಟ್ಟ ಹುಲ್ಲುಗಾವಲು ಇತ್ತು. ಮೊದಲು ಬಲ ಇರೋ ಸರದಾರ ತನಗೆ ಅಂತ ಹಾಕ್ಕೊಳ್ತಿದ್ದ. ಪ್ರವಾದಿ(ಸ) ಅದನ್ನ ನಿಲ್ಲಿಸಿ ಹಿಮಾ ಅಲ್ಲಾಹ್ ಮತ್ತು ಅವನ ರಸೂಲನಿಗೆ ಮಾತ್ರ ಅಂದ್ರು, ಅಂದ್ರೆ ಸಾರ್ವಜನಿಕರ ಕೆಲಸಕ್ಕೆ ಮಾತ್ರ. ಉಮರ್(ರ) ಖಲೀಫ ಆಗಿದ್ದಾಗ ಹುನಯ್ ಅನ್ನೋರನ್ನ ಹಿಮಾ ಕಾಯೋಕೆ ನೇಮಿಸಿ ಹೇಳಿದ ಮಾತು ಬುಖಾರಿಯಲ್ಲಿದೆ. ನಾಲ್ಕು ಒಂಟೆ, ನಾಲ್ಕು ಕುರಿ ಇರೋ ಬಡವನನ್ನ ಒಳಗೆ ಬಿಡು, ಇಬ್ನ್ ಔಫ್, ಇಬ್ನ್ ಅಫ್ಫಾನ್ ಅವ್ರ ದನಗಳನ್ನ ಬಿಡಬೇಡ, ಅವ್ರ ದನ ಸತ್ರೆ ಅವ್ರಿಗೆ ತೋಟ ಇದೆ, ಖರ್ಜೂರ ಇದೆ, ಬಡವನ ದನ ಸತ್ರೆ ಅವನು ಮಕ್ಕಳನ್ನ ಕರ್ಕೊಂಡು ನನ್ನ ಬಾಗಿಲಿಗೆ ಬರ್ತಾನೆ, ಚಿನ್ನ ಬೆಳ್ಳಿ ಕೊಡೋದಕ್ಕಿಂತ ನೀರು ಹುಲ್ಲು ಕೊಡೋದು ನಂಗೆ ಸುಲಭ ಅಂತ. ಅಬ್ದುರ್ರಹ್ಮಾನ್ ಬಿನ್ ಔಫ್, ಉಸ್ಮಾನ್ ಬಿನ್ ಅಫ್ಫಾನ್ ಅಂದ್ರೆ ಸಾಮಾನ್ಯರಲ್ಲ, ಸ್ವರ್ಗದ ಶುಭವಾರ್ತೆ ಪಡೆದ ಸಹಾಬಿಗಳು (ಪ್ರವಾದಿಯವ್ರ ಒಡನಾಡಿಗಳು). ಅವ್ರ ಹೆಸರನ್ನೇ ತಗೊಂಡು ಬೇಡ ಅಂದ್ರು.

ರಾಗಿಹೊಲ ಶ್ರೀನಿವಾಸಪುರ:
ಇದನ್ನ ನಮ್ ಊರ ಪಂಚಾಯ್ತಿ ಗೋಡೆ ಮೇಲೆ ಬರೆಸ್ಬೇಕು. ನಮ್ ರಾಜ್ಯದ ಭೂಕಂದಾಯ ನಿಯಮದಲ್ಲೂ ನೂರು ದನಕ್ಕೆ 30 ಎಕ್ರೆ ಗೋಮಾಳ ಇರ್ಬೇಕು ಅಂತೈತೆ. ಎಲ್ಲೈತೆ ಆ ಎಕ್ರೆ? ಕುಂಟೆ, ಗುಂಡುತೋಪು, ಗೋಮಾಳ, ಎಲ್ಲಾ ಯಾರ್ ಯಾರೋ ಜೇಬಲ್ಲಿ. ಒಂದಷ್ಟು ಕಡೆ ನೀಲಗಿರಿ ಹಾಕಿದ್ರು, 2017ರಲ್ಲಿ ಹೊಸದಾಗಿ ಹಾಕಂಗಿಲ್ಲ ಅಂತ ಸರ್ಕಾರ ನಿಲ್ಲಿಸ್ತು, ಹಳೇವು ಇನ್ನೂ ನಿಂತಾವೆ.

ಬಿಚ್ಚಾಣಿಕೆ ಶಿಡ್ಲಘಟ್ಟ:
ನೀಲಗಿರಿ ಅಂದ್ರಲ್ಲ ಅಣ್ಣ, ಆ ಸೌದೆ ಉರಿಯೋದು ನಮ್ಮ ಒಲೇಲೇ. ನಾನು ನಮ್ಮ ಯಜಮಾನ್ರು ಸೇರಿ ರೇಷ್ಮೆ ನೂಲು ಬಿಚ್ಚೋ ಯೂನಿಟ್ ನಡೆಸ್ತೀವಿ. ಈ ಚರ್ಚೆ ಎಲ್ಲಾ ರೈತರ ಬೋರ್ ಮೇಲೆ ಹೋಗ್ತಾ ಐತೆ, ಕೈಗಾರಿಕೆಯೋರು ನಾವೂ ಉತ್ತರ ಕೊಡ್ಬೇಕು ಅಂತ ಬರೀತಿದೀನಿ.

ನಮ್ಮ ಮೊಹಲ್ಲಾಕ್ಕೆ ಬೆಳಗ್ಗೆ ಬಂದ್ರೆ ಗೊತ್ತಾಗ್ತದೆ. ಫಜರ್ (ಮುಂಜಾನೆ ನಮಾಝ್) ಆದ ಸ್ವಲ್ಪ ಹೊತ್ತಿಗೆ ಒಲೆ ಹಚ್ತಾರೆ, ಮಾರ್ಕೆಟ್ಟಿಂದ ತಂದ ಗೂಡು ಬಿಸಿನೀರಲ್ಲಿ ಬೇಯ್ಸಿ ಬೇಸಿನ್‌ಗೆ ಹಾಕಿದ್ರೆ ಎಳೆ ಬಿಡ್ತದೆ, ಹೆಂಗಸರು ಆ ಸುಡೋ ನೀರಲ್ಲೇ ಬೆರಳಾಡಿಸಿ ಎಳೆ ಹುಡುಕಿ ಕೊಂಡಿಗೆ ಸೇರಿಸ್ತಾರೆ, ಸಂಜೆಗೆ ಬೆರಳಿನ ತುದಿ ಬೆಳ್ಳಗೆ ಸುಕ್ಕಾಗಿ ಬಿರಿದಿರ್ತದೆ. ಆ ನೀರು ದಿನಾ ಬದಲಾಯಿಸ್ಬೇಕು ಇಲ್ಲಾಂದ್ರೆ ನೂಲು ಬಣ್ಣ ಕೆಡ್ತದೆ. ಬದಲಾಯಿಸಿದ್ದು ಎಲ್ಲೋಗ್ತದೆ? ಚರಂಡಿಗೆ, ಅಲ್ಲಿಂದ ರಾಜಕಾಲುವೆ, ಅಲ್ಲಿಂದ ಕೆರೆ. ಸತ್ತ ಹುಳ ಎಣ್ಣೆಗೆ, ಕೋಳಿ ಮೇವಿಗೆ ಅಂತ ಮಾರಾಟ ಆಗ್ತದೆ ಸರಿ, ನೀರು ಮಾತ್ರ ಹಂಗೇ ವಾಸನೆ ಹೊಡೀತಾ ಹೋಗ್ತದೆ.

ನಾವು ಜಮಾತಲ್ಲಿ ಹಲಾಲ್ ಅಂದ್ರೆ ಮಾಂಸ, ಬಡ್ಡಿ ಇಷ್ಟೇ ಮಾತಾಡೋದು. ಉಸ್ತಾದ್ ಹೇಳಿದ ಲಾ ಝರರ ನಮ್ಮ ಚರಂಡಿಗೂ ಬರ್ತದಲ್ವಾ? ಕೂಲಿ ಹೆಂಗಸಿನ ಬೆರಳಿಗೂ ಬರ್ತದಲ್ವಾ? ಕುತ್ಬಾದಲ್ಲಿ (ಶುಕ್ರವಾರದ ಪ್ರವಚನ) ಇದನ್ನ ಯಾಕೆ ಹೇಳಲ್ಲ? ಒಬ್ಬೊಬ್ರೇ ನೀರು ಶುದ್ಧ ಮಾಡೋ ಘಟಕ ಹಾಕೋಕಾಗಲ್ಲ, ನಮ್ಮ ಯೂನಿಟ್ ಎಲ್ಲಾ ಸಣ್ಣವು, ಗೂಡಿನ ರೇಟ್ ಏರಿದ ದಿನ ಕೈಗೆ ಏನೂ ಉಳಿಯಲ್ಲ. ಬೀದಿಗೊಂದು ಸೇರಿ ಮಾಡಬೇಕು. ಝಕಾತ್ (ಕಡ್ಡಾಯ ದಾನ) ದುಡ್ಡು ಇದಕ್ಕೆ ಬರಲ್ಲ ಅಂತ ಗೊತ್ತು, ಸದಖಾ (ಮನಸಾರೆ ಕೊಡೋ ದಾನ), ವಕ್ಫ್ ಬರ್ತದಲ್ಲ. ಕೆರೆ ನೀರು ಉಳಿಸೋಕೆ ವಕ್ಫ್ ಮಾಡಬಾರದು ಅಂತ ಯಾರು ಹೇಳಿದಾರೆ?

ಉಸ್ತಾದ್ ಕೋಲಾರ:
ಯಾರೂ ಹೇಳಿಲ್ಲ ಬೆಹನ್. ಚರಂಡಿಗೂ ಬರ್ತದೆ, ಬೆರಳಿಗೂ ಬರ್ತದೆ. ಈ ಜುಮಾಕ್ಕೆ ನಾನು ಇದನ್ನೇ ಹೇಳ್ತೀನಿ.

ಶಿರಾ ಟೀಚರ್:
ಆಪಾ ಬರೆದಿದ್ದು ಓದಿ ಸುಮಾರು ಹೊತ್ತು ಕೂತಿದ್ದೆ. ನೀರು ಶುದ್ಧ ಮಾಡಿ ಮತ್ತೆ ಬಳಸೋ ಬಗ್ಗೆ ನಮ್ಮವರಲ್ಲಿ ಹಿಂಜರಿಕೆ ಇದೆ ಅಲ್ವಾ, ನಜಿಸ್ (ಅಶುದ್ಧ) ಅಂತ. 1978ರಲ್ಲೇ ಸೌದಿ ಹಿರಿಯ ಉಲಮಾಗಳ (ಧರ್ಮ ವಿದ್ವಾಂಸರ) ಮಂಡಳಿ ತೀರ್ಪು ಕೊಟ್ಟಿದೆ, ಕೊಳಚೆ ನೀರು ಪೂರ್ತಿ ಶುದ್ಧ ಆಗಿ ಬಣ್ಣ, ರುಚಿ, ವಾಸನೆ ಮೊದಲಿನ ಹಾಗೆ ಬಂದ್ರೆ ವುಝೂಗೂ (ನಮಾಝಿಗೆ ಮೊದಲು ಕೈಕಾಲು ಮುಖ ತೊಳೆಯೋದು) ಆಗ್ತದೆ ಅಂತ. ಪೂರ್ತಿ ಶುದ್ಧ ಅನ್ನೋದು ಅಲ್ಲಿ ಷರತ್ತು. ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ನಿಮ್ಮ ಕೋಲಾರಕ್ಕೆ ಬಿಡೋ ಕೆ.ಸಿ. ವ್ಯಾಲಿ ನೀರಿಗೆ ಇದನ್ನ ಹಚ್ಚಿ ನೋಡಿ. ದಿನಕ್ಕೆ 44 ಕೋಟಿ ಲೀಟರ್ ಅಂತ ಯೋಜನೆ, 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು, ಶುರುವಲ್ಲೇ ನೊರೆ ಎದ್ದು ಕೋರ್ಟಿಗೆ ಹೋಯ್ತು. ಎರಡು ಹಂತ ಶುದ್ಧೀಕರಣ ಮಾಡಿ ಬಿಡ್ತಾರೆ, ಮೂರನೇ ಹಂತ ಮಾಡಿ ಅಂತ ಅಲ್ಲಿನ ಹೋರಾಟಗಾರರು ಕೇಳ್ತಾನೇ ಇದಾರೆ. ಕೆರೆ ತುಂಬಿ ಬೋರ್‌ಗಳಲ್ಲಿ ನೀರು ಏರಿದ್ದು ರೈತರಿಗೆ ಉಪಕಾರ ಆಗಿದೆ, ಅದು ಸುಳ್ಳಲ್ಲ. ಆದ್ರೆ ಬೆಂಗಳೂರು ತಾನು ಕುಡಿದು ಬಿಟ್ಟ ನೀರನ್ನ ಪೂರ್ತಿ ತೊಳೆದು ಕೊಡೋ ಹೊಣೆ ಬೆಂಗಳೂರಿಂದೇ. ಮೇಲಿನ ಹೊಲದವ್ನು ಕೆಳಗಿನವ್ನಿಗೆ ನೀರು ಬಿಡಬೇಕು ಅಂದಾಗ ಕೆಡಿಸಿ ಬಿಡು ಅಂತ ಅಲ್ಲವಲ್ಲ.

ಮಸೀದಿ ನಲ್ಲಿ ಬಗ್ಗೆ ಬರೆಯೋಕೆ ಹೋದ್ರೆ ಇನ್ನೊಂದು ಥ್ರೆಡ್ ಆಗ್ತದೆ. ಪ್ರವಾದಿ(ಸ) ಒಂದು ಮುದ್ದ್ ನೀರಲ್ಲಿ ವುಝೂ ಮಾಡ್ತಿದ್ರು, ಅಂದ್ರೆ ಮುಕ್ಕಾಲು ಲೀಟರಿಗೂ ಕಮ್ಮಿ. ನಮ್ಮ ಹುಡುಗರು ನಲ್ಲಿ ತಿರುಗಿಸಿಟ್ಟು ಫೋನಲ್ಲಿ ಮಾತಾಡ್ತಾ ಕಾಲು ತೊಳೀತಾರೆ.

ಹೆಬ್ಬಾಳ ಟು ಹೊಸಕೋಟೆ:
ಓಕೆ, ನನ್ನ ಪ್ರಶ್ನೆಗೆ ಉತ್ತರ ಸಿಕ್ತು, ಥ್ಯಾಂಕ್ಸ್ ಮೇಡಂ. ಒಂದೇ ಒಂದು ಕೊನೇದು. ಬೆಳೆ ಮೇಲೆ ನಿಮ್ಮಲ್ಲಿ ದಾನದ ಲೆಕ್ಕ ಇದೆ ಅಂತಾರಲ್ಲ, ಅದರಲ್ಲಿ ಪರಿಸರದ ಲೆಕ್ಕ ಏನಾದ್ರೂ ಇದ್ಯಾ?

ಮಧುಗಿರಿ ವಕೀಲ:
ಉಶ್ರ್ ಕೇಳ್ತಿದೀರಿ. ಮಳೆ, ಚಿಲುಮೆ ನೀರಲ್ಲಿ ಬೆಳೆದಿದ್ದಕ್ಕೆ ಹತ್ತರಲ್ಲೊಂದು ಪಾಲು, ನೀರು ಸೇದಿ ಬೆಳೆದಿದ್ದಕ್ಕೆ ಇಪ್ಪತ್ತರಲ್ಲೊಂದು. ಹನಫಿ ಪಂಥದ ಮೂಲ ಇಮಾಮ್ ಅಬೂ ಹನೀಫಾ ಅವ್ರ ಪ್ರಕಾರ ತರಕಾರಿಗೂ ಇದೆ, ಅಂದ್ರೆ ಟೊಮೇಟೊಗೂ, ಅವ್ರ ಶಿಷ್ಯರಿಬ್ರು ವರ್ಷ ಇಟ್ಟರೂ ಕೆಡದ ಬೆಳೆಗೆ ಮಾತ್ರ ಅಂದ್ರು. ಭಾರತದ ಜಮೀನಿಗೆ ಉಶ್ರ್ ಬರ್ತದಾ ಅನ್ನೋದ್ರಲ್ಲೇ ಉಲಮಾಗಳಲ್ಲಿ ಚರ್ಚೆ ಇದೆ.

ಇದರ ಹಿಂದಿನ ಯೋಚನೆ ನೋಡಿ. ಮಳೆ ಕೊಟ್ಟಿದ್ದರಲ್ಲಿ ನಿನ್ನ ದುಡಿಮೆ ಕಮ್ಮಿ, ಹಾಗಾಗಿ ಬಡವನ ಪಾಲು ಜಾಸ್ತಿ. ಸೇದಿದ್ರೆ ನಿನ್ನ ಬೆವರು ಜಾಸ್ತಿ, ಹಾಗಾಗಿ ರಿಯಾಯಿತಿ. ಈಗ ಅದೇ ಲೆಕ್ಕ ತಗೊಂಡ್ರೆ ಮೇಲ್ಗಡೆ ಹೊಲದ ರಾಗಿಗೆ ಹತ್ತರಲ್ಲೊಂದು, ಅಂತರ್ಜಲ ಖಾಲಿ ಮಾಡೋ ಟೊಮೇಟೊಗೆ ಇಪ್ಪತ್ತರಲ್ಲೊಂದು. ಅದೂ ನಮ್ಮ ರಾಜ್ಯದಲ್ಲಿ 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ. ಬೆವರೂ ಇಲ್ಲ, ಬಿಲ್ಲೂ ಇಲ್ಲ.

ಚಿಂತಾಮಣಿ ಹುಡ್ಗ:
ವಕೀಲ್ ಸಾಬ್ ಬಿಲ್ ಇಲ್ಲ ಅನ್ನಬೇಡಿ, ಕೊರೆಸೋಕೆ, ಕೇಸಿಂಗ್‌ಗೆ, ಮೋಟ್ರು ಸುಟ್ಟಾಗ ರಿವೈಂಡಿಂಗ್‌ಗೆ ಆಗೋ ಸಾಲ ನೋಡಿದ್ರೆ ಇಪ್ಪತ್ತರಲ್ಲೊಂದೂ ಭಾರಾನೇ. ಆದ್ರೆ ನೀವು ಹೇಳಿದ ಪಾಯಿಂಟು ತಲೇಲಿ ಕೂತಿದೆ. ರಿಯಾಯಿತಿ ಇರೋದು ದುಡಿಮೆಗೆ, ನೀರು ಖಾಲಿ ಮಾಡೋದಕ್ಕಲ್ಲ. ಹಂಗಂದ್ಕೊಂಡು ಡ್ರಿಪ್ ಇಲ್ದೇ ಕಾಲುವೆ ಬಿಟ್ಟು ಹಾಯ್ಸೋದು ನಿಲ್ಲಿಸ್ತೀವಿ ಅಂತ ಅಬ್ಬಾ ಹೇಳಿದಾರೆ.

ಮಿಕ್ಕಿದ್ದು ಅಪ್‌ಡೇಟ್ ಕೊಡ್ತೀನಿ. ಮಾಮನ ಹಸುಗಳಿಗೆ ನಮ್ಮ ಬೋರ್ ಹತ್ರ ತೊಟ್ಟಿ ಇಟ್ಟಾಯ್ತು, ಅವತ್ತೇ. ಚಾಚಾ ಮಗನಿಗೆ ಈ ಥ್ರೆಡ್ ಓದಿಸಿದೆ, ಪೂರ್ತಿ ಒಪ್ಪಿಲ್ಲ. ಇಲ್ಲಿವರ್ಗೂ ಮಾರಿದ ನೀರಿನ ದುಡ್ಡು ಹರಾಮಾ ಅಂತ ಕೇಳ್ತಾ ಅವ್ನೆ.

ಉಸ್ತಾದ್ ಕೋಲಾರ:
ಹರಾಮ್ ಅನ್ನಬೇಡ, ಹುಡುಗನನ್ನ ಹೆದರಿಸಬೇಡ. ಟ್ಯಾಂಕರಿಗೆ ತುಂಬಿದ ನೀರು ಅವನದ್ದು, ಡೀಸೆಲ್ಲು, ಡ್ರೈವರು, ಓಡಾಟ ಎಲ್ಲಾ ಇದೆ, ಮಾರಾಟ ಜಾಯಿಝ್ (ಮಾಡಬಹುದು). ಆದ್ರೆ ಪಕ್ಕದ ಹೊಲ ಒಣಗ್ತಾ ಇದೆ ಅಂತ ಗೊತ್ತಿದ್ದು ಕಲ್ಯಾಣ ಮಂಟಪಕ್ಕೆ ಹೊಡಿಯೋದು ಝರರ್, ಹಾನಿ. ಊರೋರಿಗೆ ಕುಡಿಯೋಕೆ ಮೊದ್ಲು, ಎರಡೂ ಹೊಲದ ಬೆಳೆ ಆಮೇಲೆ, ಮಾರಾಟ ಕೊನೇಲಿ, ಅದೂ ಮಿಕ್ಕಿದ್ರೆ. ಈ ಸಾಲು ತಪ್ಪಿಸಬೇಡ ಅಂತ ಹೇಳು.

ಚಿಂತಾಮಣಿ ಹುಡ್ಗ:
ಜಝಾಕಲ್ಲಾಹ್ ಉಸ್ತಾದ್. ಮಾಮನ ಜೊತೆ ಕೂತು ಮಾತಾಡೋಣ ಅಂತ ಅಬ್ಬಾ ಒಪ್ಪಿದಾರೆ, ಕರೆಂಟ್ ಬರೋ ಹೊತ್ತಲ್ಲಿ ವಾರಕ್ಕೆ ಇಷ್ಟು ಹೊತ್ತು ಅವ್ರ ಹೊಲಕ್ಕೆ ಪೈಪ್ ಎಳ್ಯೋದು ಅಂತ. ಬಾಯಿ ಮಾತಲ್ಲಿ ಬೇಡ, ನಾಳೆ ನಮ್ಮ ತಲೆ ಹೋದ್ಮೇಲೆ ಮಕ್ಕಳು ಹೊಡೆದಾಡ್ತಾರೆ ಅಂತ ಮಾಮನೇ ಹೇಳಿದ್ರು. ವಕೀಲ್ ಸಾಬ್, ಕಾಗದದಲ್ಲಿ ಏನೇನು ಇರ್ಬೇಕು?

ಮಧುಗಿರಿ ವಕೀಲ:
ಎರಡೂ ಸರ್ವೆ ನಂಬರ್, ಬೋರ್ ಎಲ್ಲಿದೆ, ಎಷ್ಟು ಆಳ, ಮೋಟ್ರು ಎಷ್ಟು ಎಚ್‌ಪಿ ಬರೀರಿ. ಯಾವ ದಿನ ಯಾವ ಹೊತ್ತು ಯಾರಿಗೆ, ತ್ರೀಫೇಸ್ ಕೈಕೊಟ್ಟ ದಿನದ ಸರದಿ ಮಾರನೇ ದಿನಕ್ಕೆ ಹೋಗ್ತದಾ ಅಥವಾ ಹೋಯ್ತು ಅಂತಾನಾ, ಅದನ್ನ ಬಿಡಿಸಿ ಬರೀರಿ, ಜಗಳ ಶುರುವಾಗೋದೇ ಅಲ್ಲಿಂದ. ರಿಪೇರಿ ಖರ್ಚು ಹೆಂಗೆ ಹಂಚ್ಕೊಳ್ಳೋದು. ಇಬ್ರಲ್ಲಿ ಯಾರೂ ಹೇಳದೇ ಹೊಸ ಬೋರ್ ಕೊರೆಸಂಗಿಲ್ಲ. ಎರಡೂ ಮನೆ ಗಂಡುಮಕ್ಕಳು ಹೆಣ್ಣುಮಕ್ಕಳು ಇಬ್ರ ಸೈನೂ ಹಾಕ್ಸಿ, ಪಾಲು ಅವ್ರಿಗೂ ಇದೆ. ಚಾಚಾ ಮಗನ ಸೈನ್ ಇಲ್ದೇ ಕಾಗದ ಮಾಡಬೇಡಿ, ಅವನನ್ನ ಹೊರಗಿಟ್ರೆ ಅದು ನಿಲ್ಲಲ್ಲ. ಮತ್ತೆ ಈ ಬೋರು ಬತ್ತಿದ್ರೆ ಮುಂದಿಂದು ಯಾರ ಹೊಲದಲ್ಲಿ, ಯಾರ ದುಡ್ಡಲ್ಲಿ ಅನ್ನೋದನ್ನ ನೀರಿರೋವಾಗ್ಲೇ ಬರೆದಿಡಿ. ಡ್ರಾಫ್ಟ್ ಮಾಡಿ ಇಲ್ಲೇ ಹಾಕಿ, ಹೆಸರು ಸರ್ವೆ ನಂಬರ್ ತೆಗೆದು, ನಾನು ತಿದ್ದಿ ಕೊಡ್ತೀನಿ.

ರಾಗಿಹೊಲ ಶ್ರೀನಿವಾಸಪುರ:
ತಿದ್ದಿದ್ಮೇಲೆ ನಂಗೂ ಒಂದು ಕಾಪಿ ಕೊಡಿ ವಕೀಲ್ರೇ, ನಮ್ ಕಡೆ ಒಂದೇ ಬದುವಿಗೆ ಮೂರು ಬೋರ್ ಐತೆ, ಮೂರೂ ಮನೆಯೋರು ಮಾತು ಬಿಟ್ಟಾವ್ರೆ.